ಇಮ್ಯುನಾಲಜಿಯಲ್ಲಿ ಸಂಶೋಧನೆ ಮಾಡಬೇಕು ಅಂತಿದ್ದೀರಾ? ಕರಾವಳಿಯಿಂದಲೇ ಶುರು ಮಾಡಿ

ನೀಟ್‌ನಲ್ಲಿ ಸೀಟು ಸಿಗದೆ ಬಿಎಸ್ಸಿಗೆ ಸೇರಿದ ಮಕ್ಕಳಲ್ಲಿ ಪ್ರತಿ ವರ್ಷ ಇಬ್ಬರೋ ಮೂವರೋ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಕೇಳುವುದು ಒಂದೇ ಮಾತು. "ಅಕ್ಕ, ನನಗೆ ಇಮ್ಯುನಾಲಜಿ ಇಷ್ಟ, ರಿಸರ್ಚ್ ಮಾಡ್ಬೇಕು, ಎಲ್ಲಿಂದ ಶುರು ಮಾಡೋದು?" ಮನೆಯಲ್ಲಿ ಕೇಳಿದರೆ ಬಿಎಡ್ ಮಾಡು ಅನ್ನುತ್ತಾರೆ. ಗೊತ್ತಿದ್ದವರನ್ನು ಕೇಳಿದರೆ ಮೊದಲು ಬೆಂಗಳೂರಿಗೆ ಹೋಗು ಅನ್ನುತ್ತಾರೆ. ನನಗೂ ಇದೇ ಎರಡು ಮಾತು ಸಿಕ್ಕಿದ್ದು. ಉಡುಪಿಯಲ್ಲಿ ಬಿಎಸ್ಸಿ, ಕೊಣಾಜೆಯಲ್ಲಿ ಎಂಎಸ್ಸಿ, ಆಮೇಲೆ ಹೊರಗೆ ಆರು ವರ್ಷ ಪಿಎಚ್‌ಡಿ, ಈಗ ಮತ್ತೆ ಇಲ್ಲೇ ಒಂದು ಲ್ಯಾಬಿನಲ್ಲಿ ಇದ್ದೇನೆ. ಒಬ್ಬೊಬ್ಬರಿಗೂ ಚಹಾ ಕುಡಿಸಿ ಹೇಳುತ್ತಿದ್ದುದನ್ನು ಈಗ ಒಟ್ಟಿಗೆ ಬರೆದು ಇಡುತ್ತಿದ್ದೇನೆ.

ಮೊದಲೇ ಲೆಕ್ಕ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹೇಳಲಿಲ್ಲ ಅನ್ನಬಾರದು. ಬಿಎಸ್ಸಿ ಮೂರು ವರ್ಷ, ಎಂಎಸ್ಸಿ ಎರಡು, ಪಿಎಚ್‌ಡಿ ಐದರಿಂದ ಆರು, ಅದರ ಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ಆದ ಮೇಲೆ ಮಾಡುವ ತಾತ್ಕಾಲಿಕ ಸಂಶೋಧನೆ ಕೆಲಸ) ಮೂರೋ ನಾಲ್ಕೋ. ಹದಿನೆಂಟಕ್ಕೆ ಶುರು ಮಾಡಿದವರಿಗೆ ಕಾಯಂ ಕೆಲಸ ಅಂತ ಸಿಗುವಾಗ ಮೂವತ್ತು ದಾಟಿರುತ್ತದೆ. ಇದನ್ನು ಕೇಳಿಯೂ ಆಸೆ ಹಾಗೇ ಉಳಿದರೆ ಮುಂದೆ ಓದಿ.

ಇದು ಎಂತ ಕೆಲಸ

ಇಮ್ಯುನಾಲಜಿ ಅಂದರೆ ದೇಹದ ರೋಗನಿರೋಧಕ ವ್ಯವಸ್ಥೆಯ ಅಧ್ಯಯನ, ಅದು ಕೇಳುವ ಪ್ರಶ್ನೆ ಸರಳ. ದೇಹಕ್ಕೆ ತನ್ನದು ಯಾವುದು, ಹೊರಗಿನದು ಯಾವುದು ಅಂತ ಹೇಗೆ ಗೊತ್ತಾಗುತ್ತದೆ? ಒಮ್ಮೆ ಬಂದ ರೋಗವನ್ನು ಅದು ಹೇಗೆ ನೆನಪಿಟ್ಟುಕೊಳ್ಳುತ್ತದೆ? ಮಾಲಿಕ್ಯುಲರ್ ಬಯಾಲಜಿ ಅಂದರೆ ಡಿಎನ್‌ಎ, ಆರ್‌ಎನ್‌ಎ, ಪ್ರೋಟೀನ್ ಮಟ್ಟಕ್ಕೆ ಇಳಿದು ಉತ್ತರ ಹುಡುಕುವ ದಾರಿ. ಇವೆರಡನ್ನು ಬೇರೆ ಬೇರೆ ಸಬ್ಜೆಕ್ಟ್ ಅಂತ ಓದಬೇಡಿ. ಸುಸುಮು ತೊನೆಗಾವಾ 1971ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋದಾಗ ಅವರು ಮಾಲಿಕ್ಯುಲರ್ ಬಯಾಲಜಿಯವರು, ಸೇರಿದ್ದು ಇಮ್ಯುನಾಲಜಿ ಸಂಸ್ಥೆಗೆ. ನಮ್ಮಲ್ಲಿ ಇರುವುದೇ ಸುಮಾರು 20 ಸಾವಿರ ಜೀನ್, ಹಾಗಿರುವಾಗ ಲೆಕ್ಕವಿಲ್ಲದಷ್ಟು ಬಗೆಯ ಆಂಟಿಬಾಡಿ (ರೋಗಾಣುವನ್ನು ಗುರುತಿಸಿ ಹಿಡಿಯುವ ಪ್ರೋಟೀನ್) ಎಲ್ಲಿಂದ ಬರುತ್ತದೆ ಅನ್ನುವುದು ಇಮ್ಯುನಾಲಜಿಯವರನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ. ಆಂಟಿಬಾಡಿ ತಯಾರಿಸುವ ಬಿ ಕೋಶಗಳು ತಮ್ಮ ಡಿಎನ್‌ಎಯ ತುಂಡುಗಳನ್ನೇ ಕತ್ತರಿಸಿ ಬೇರೆ ಬೇರೆ ರೀತಿಯಲ್ಲಿ ಜೋಡಿಸಿಕೊಳ್ಳುತ್ತವೆ ಅಂತ ತೊನೆಗಾವಾ 1976ರಲ್ಲಿ ತೋರಿಸಿದರು. 1987ರಲ್ಲಿ ನೊಬೆಲ್ ಬಂತು. ಪ್ರಶ್ನೆ ಒಬ್ಬರದು, ಹತಾರ ಇನ್ನೊಬ್ಬರದು. ಈ ಕ್ಷೇತ್ರದಲ್ಲಿ ಕೆಲಸ ಆಗುವುದು ಹೆಚ್ಚಾಗಿ ಹೀಗೆಯೇ.

ಪ್ರಶ್ನೆ ಮನೆ ಬಾಗಿಲಲ್ಲೇ ಉಂಟು

ಒಳ್ಳೆಯ ಪ್ರಶ್ನೆಗೆ ಬಾಸ್ಟನ್ನಿಗೇ ಹೋಗಬೇಕಾಗಿಲ್ಲ. ಮಂಗನ ಕಾಯಿಲೆಯನ್ನೇ ನೋಡಿ. ಘಟ್ಟದ ಮೇಲೆ, ಸೊರಬದ ಕ್ಯಾಸನೂರು ಕಾಡಿನಲ್ಲಿ ಅದನ್ನು ಮೊದಲು ಗುರುತಿಸಿದ್ದು 1957ರಲ್ಲಿ. ಉಣುಗು ಕಚ್ಚಿ ಬರುವ ವೈರಸ್. ಅದಕ್ಕೆ ಹಿಂದೆ ಕೊಡುತ್ತಿದ್ದ ಲಸಿಕೆಯ ರಕ್ಷಣೆ ಬೇಗ ಇಳಿಯುತ್ತಿತ್ತು, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ನೆನಪು ಯಾಕೆ ನಿಲ್ಲಲಿಲ್ಲ? ಇದು ಅಪ್ಪಟ ಇಮ್ಯುನಾಲಜಿ ಪ್ರಶ್ನೆ. 2018ರಲ್ಲಿ ಕೋಝಿಕ್ಕೋಡ್ ಕಡೆಯಿಂದ ಬಂದ ಸ್ಯಾಂಪಲ್‌ನಲ್ಲಿ ನಿಪಾ ಇದೆ ಅಂತ ಮೊದಲು ಪತ್ತೆ ಮಾಡಿದ್ದು ಮಣಿಪಾಲದ ವೈರಸ್ ಲ್ಯಾಬ್, ಆಮೇಲೆ ಪುಣೆಯಲ್ಲಿ ಅದು ಖಚಿತವಾಯಿತು. ಮಳೆಗಾಲದಲ್ಲಿ ಗದ್ದೆಗೆ ಇಳಿದವರಿಗೆ ಬರುವ ಇಲಿಜ್ವರ, ಮಂಗಳೂರಿನ ಮಲೇರಿಯ, ಎಲ್ಲೆಡೆ ಡೆಂಗಿ. ಒಂದೇ ಮನೆಯಲ್ಲಿ ಒಬ್ಬರು ಐಸಿಯುಗೆ ಹೋಗುತ್ತಾರೆ, ಇನ್ನೊಬ್ಬರು ಗಂಜಿ ಕುಡಿದು ಮೂರು ದಿನದಲ್ಲಿ ಏಳುತ್ತಾರೆ, ಯಾಕೆ?

ಸಿಗಡಿಯನ್ನೂ ಮರೆಯಬೇಡಿ. ಅದಕ್ಕೆ ಆಂಟಿಬಾಡಿಯೇ ಇಲ್ಲ, ಹುಟ್ಟಿನಿಂದ ಬಂದ ರಕ್ಷಣೆ ಮಾತ್ರ. ಬಿಳಿ ಚುಕ್ಕೆ ರೋಗ ಕೆರೆಗೆ ಬಿದ್ದರೆ ಕೆಲವೇ ದಿನದಲ್ಲಿ ಎಲ್ಲ ಸಾಯುತ್ತವೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯ ಕರುಣಾಸಾಗರ್ ಮತ್ತು ಇಂದ್ರಾಣಿ ಕರುಣಾಸಾಗರ್ ಈ ರೋಗದ ಮೇಲೆ ಮಾಡಿದ ಕೆಲಸ ಹೊರದೇಶದವರಿಗೂ ಗೊತ್ತು. ವೈದ್ಯಕೀಯ ಸೀಟು ಸಿಗಲಿಲ್ಲ ಅಂತ ಕೊರಗುವವರು ಒಮ್ಮೆ ಇದನ್ನೆಲ್ಲ ಓದಿ ನೋಡಿ.

ಬಿಎಸ್ಸಿ, ಎಂಎಸ್ಸಿ ದಿನಗಳಲ್ಲಿ

ಬಾಟನಿ ತಗೊಂಡಿದ್ದೀರೋ ಝೂಆಲಜಿಯೋ ಬಯೋಟೆಕ್ಕೋ ಅನ್ನುವುದು ಅಷ್ಟು ದೊಡ್ಡ ವಿಷಯ ಅಲ್ಲ. ಕೆಮಿಸ್ಟ್ರಿಯನ್ನು ಮಾತ್ರ ಅಸಡ್ಡೆ ಮಾಡಬೇಡಿ. ಎಂಎಸ್ಸಿ ಮುಗಿಸಿ ಲ್ಯಾಬಿಗೆ ಬಂದವರಿಗೆ ನಾನು ಮೊದಲ ದಿನ ಕೊಡುವ ಕೆಲಸ, 0.5 ಮೋಲಾರ್ ಉಪ್ಪಿನ ದ್ರಾವಣ 100 ಎಂಎಲ್ ಮಾಡಿ ಅಂತ. ಸೋಡಿಯಂ ಕ್ಲೋರೈಡಿನ ಮೋಲಾರ್ ತೂಕ 58.44, ಅಂದರೆ ಒಂದು ಮೋಲಾರ್ ದ್ರಾವಣಕ್ಕೆ ಲೀಟರಿಗೆ ಅಷ್ಟು ಗ್ರಾಂ, ಅದರ ಅರ್ಧ 29.22, ಲೀಟರಿನ ಹತ್ತನೇ ಒಂದು ಪಾಲು ಅಂದರೆ 2.92 ಗ್ರಾಂ. ಅರ್ಧಕ್ಕರ್ಧ ಜನ ಇಲ್ಲಿ ಫೋನ್ ತೆಗೆಯುತ್ತಾರೆ. ತಪ್ಪಲ್ಲ, ಆದರೆ ಈ ಲೆಕ್ಕ ನಾಲಿಗೆಯ ತುದಿಯಲ್ಲಿ ಇರಬೇಕು, ಯಾಕೆಂದರೆ ದಿನಕ್ಕೆ ಹತ್ತು ಸಲ ಬೇಕಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ಪೇಪರ್, ಅಂದರೆ ಸಂಶೋಧನಾ ಲೇಖನ, ಓದುವುದು ಇಂಗ್ಲಿಷಿನಲ್ಲೇ, ತಪ್ಪಿಸಲಾಗದು. ನಾನು ಮಾಡಿದ್ದು ಹೀಗೆ: ವಾರಕ್ಕೊಂದು ಪೇಪರ್, ಮೊದಲು ಚಿತ್ರಗಳು ಮಾತ್ರ. ಒಂದೊಂದು ಚಿತ್ರದ ಕೆಳಗೆ "ಇದರಲ್ಲಿ ಏನು ತೋರಿಸಿದ್ದಾರೆ, ಯಾವುದಕ್ಕೆ ಹೋಲಿಸಿದ್ದಾರೆ" ಅಂತ ಕನ್ನಡದಲ್ಲಿ ಎರಡು ಸಾಲು. ಆಮೇಲೆ ಪಠ್ಯ. ಶುರುವಿನಲ್ಲಿ ಒಂದು ಪೇಪರಿಗೆ ಇಡೀ ವಾರ ಹಿಡಿಯುತ್ತಿತ್ತು, ಎರಡನೇ ವರ್ಷಕ್ಕೆ ಒಂದು ಸಂಜೆ ಸಾಕಾಗುತ್ತಿತ್ತು. ಕನ್ನಡದಲ್ಲಿ ಬರೆಯುವಾಗ ಅರ್ಥವಾಗದ್ದನ್ನು ದೊಡ್ಡ ಪದದ ಹಿಂದೆ ಅಡಗಿಸಿಡಲು ಬರುವುದಿಲ್ಲ ನೋಡಿ, ಅದೇ ಅದರ ಲಾಭ.

ಎಂಎಸ್ಸಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಉಂಟು, ಮಣಿಪಾಲದ ಲೈಫ್ ಸೈನ್ಸಸ್ ಸ್ಕೂಲ್ ಉಂಟು, ದೇರಳಕಟ್ಟೆಯಲ್ಲಿ ನಿಟ್ಟೆ ಮತ್ತು ಯೆನೆಪೋಯ, ನಗರದಲ್ಲಿ ಅಲೋಶಿಯಸ್. ಫೀಸಿನಲ್ಲಿ ತುಂಬ ವ್ಯತ್ಯಾಸ. ಸಾಲ ಮಾಡುವ ಮೊದಲು ಒಂದು ವಿಷಯ ಕೇಳಿ: ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್‌ನಲ್ಲಿ ನೀವೇ ಬೆಂಚಿನಲ್ಲಿ ಕೂತು ಪ್ರಯೋಗ ಮಾಡುತ್ತೀರೋ, ಅಥವಾ ಹತ್ತು ಮಂದಿ ಸುತ್ತ ನಿಂತು ಒಬ್ಬರು ಮಾಡುವುದನ್ನು ನೋಡುತ್ತೀರೋ? ಎರಡನೆಯದಾದರೆ ಎಷ್ಟೇ ಹೆಸರಿದ್ದರೂ ನನಗೆ ಬೇಡ.

ರಜೆಯಲ್ಲಿ ಬೇರೆ ಲ್ಯಾಬ್ ನೋಡಲು ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಕೊಡುವ ಸಮ್ಮರ್ ಫೆಲೋಶಿಪ್‌ಗೆ ಅರ್ಜಿ ಹಾಕಿ. ಎರಡು ತಿಂಗಳು, ಖರ್ಚಿಗೆ ದುಡ್ಡೂ ಕೊಡುತ್ತಾರೆ. ಅದು ಸಿಗದಿದ್ದರೆ ನೇರ ಮೇಲ್ ಬರೆಯಿರಿ. ಅರುವತ್ತು ಜನರಿಗೆ ಒಂದೇ ಮೇಲ್ ಕಳಿಸಿದರೆ ಒಬ್ಬರೂ ಉತ್ತರಿಸುವುದಿಲ್ಲ. ಐದು ಜನರನ್ನು ಆರಿಸಿ, ಒಬ್ಬೊಬ್ಬರ ಒಂದು ಪೇಪರ್ ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಜಾಗ ಯಾವುದು ಅಂತ ಎರಡು ಸಾಲಿನಲ್ಲಿ ಕೇಳಿ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಬರಬಲ್ಲಿರಿ ಅಂತ ಸ್ಪಷ್ಟ ಹೇಳಿ. ಮಾರ್ಕ್ಸ್ ಕಾರ್ಡ್ ಪಿಡಿಎಫ್ ಮಾಡಿ ಹಾಕಿ. ಹತ್ತು ದಿನ ಬಿಟ್ಟು ಒಮ್ಮೆ ನೆನಪಿಸಿ. ಅಷ್ಟೇ.

ಕೈ ಪಳಗಬೇಕು

ನನಗೆ ಜಾಸ್ತಿ ಹೇಳಲಿಕ್ಕೆ ಇರುವುದು ಇಲ್ಲಿ.

ರಕ್ತದಿಂದ ಬಿಳಿ ಕೋಶ ಬೇರ್ಪಡಿಸುವುದನ್ನು ಇಮ್ಯುನಾಲಜಿಗೆ ಬಂದವರೆಲ್ಲ ಕಲಿಯುತ್ತಾರೆ. ಟ್ಯೂಬಿನ ಅಡಿಯಲ್ಲಿ ಮೂರು ಎಂಎಲ್ ಫೈಕೋಲ್ ಅನ್ನುವ ಸಾಂದ್ರ ದ್ರಾವಣ, ನೀರಿನ ಹಾಗೆ ತಿಳಿಯಾಗಿರುತ್ತದೆ. ರಕ್ತಕ್ಕೆ ಅಷ್ಟೇ ಬಫರ್ ಸೇರಿಸಿ, ಟ್ಯೂಬನ್ನು ಓರೆ ಹಿಡಿದು, ಗೋಡೆಗುಂಟ ಹನಿಹನಿಯಾಗಿ ಅದರ ಮೇಲೆ ಇಳಿಸಬೇಕು. ಕೈ ಒಂದು ಚೂರು ನಡುಗಿದರೆ ಎರಡೂ ಬೆರೆತುಹೋಯಿತು, ಮತ್ತೆ ಸರಿ ಮಾಡಲಾಗದು. ಸೆಂಟ್ರಿಫ್ಯೂಜ್ ಯಂತ್ರದಲ್ಲಿ 400 ಜಿ (ಗುರುತ್ವದ 400 ಪಟ್ಟು ಬಲ) ಇಟ್ಟು 30 ನಿಮಿಷ ತಿರುಗಿಸಬೇಕು, ಬ್ರೇಕ್ ಆಫ್ ಇರಬೇಕು. ಬ್ರೇಕ್ ಹಾಕಿದರೆ ಸೆಂಟ್ರಿಫ್ಯೂಜ್ ಗಕ್ಕನೆ ನಿಂತು ಪದರ ಕದಡುತ್ತದೆ. ತೆಗೆದು ಬೆಳಕಿಗೆ ಹಿಡಿದರೆ ಮೇಲೆ ಹಳದಿ ಪ್ಲಾಸ್ಮಾ, ತಳದಲ್ಲಿ ಕೆಂಪು, ನಡುವೆ ಫೈಕೋಲಿನ ಮೇಲೆ ಗಂಜಿತಿಳಿಯಂಥ ಒಂದು ತೆಳು ಬಿಳಿ ಉಂಗುರ. ಆ ಉಂಗುರದಲ್ಲಿ ಟಿ ಕೋಶ, ಬಿ ಕೋಶ, ಮೊನೊಸೈಟ್ ಎಲ್ಲ ಇರುತ್ತವೆ. ಮೊದಲ ಸಲ ಅದನ್ನು ಕಂಡ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ. ಇದೆಲ್ಲ 20 ಡಿಗ್ರಿ ಆಸುಪಾಸಿನಲ್ಲಿ ನಡೆಯಬೇಕು. ಏಪ್ರಿಲ್ ತಿಂಗಳಲ್ಲಿ ಎಸಿ ಕೆಟ್ಟ ರೂಮಿನಲ್ಲಿ ಮಾಡಿ ಪದರ ಸರಿ ಬರಲಿಲ್ಲ ಅಂದರೆ ದೋಷ ನಿಮ್ಮ ಕೈಯದ್ದಲ್ಲ.

ನಮ್ಮ ಊರಿನ ಇನ್ನೊಂದು ತಾಪತ್ರಯ ಮಳೆಗಾಲ. ಜೂನ್ ಬಂತೆಂದರೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು, ಹಾಗಾದರೆ ಸೆಲ್ ಕಲ್ಚರ್ ಬಿಡುತ್ತದಾ? ಕೋಶ ಬೆಳೆಸುವ ಇನ್‌ಕ್ಯುಬೇಟರಿನಲ್ಲಿ 37 ಡಿಗ್ರಿ ಶಾಖ, ಶೇಕಡಾ 5 ಇಂಗಾಲದ ಡೈಆಕ್ಸೈಡ್, ಒಳಗೆ ಟ್ರೇ ತುಂಬ ನೀರು. ಬೂಷ್ಟಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಕಾ? ಬೆಳಿಗ್ಗೆ ಫ್ಲಾಸ್ಕ್ ಎತ್ತಿದರೆ ಕೋಶಕ್ಕೆ ಆಹಾರವಾಗುವ ಗುಲಾಬಿ ಬಣ್ಣದ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಹತ್ತಿಯ ಉಂಡೆ ತೇಲುತ್ತಿರುತ್ತದೆ. ಬ್ಯಾಕ್ಟೀರಿಯಾ ಆದರೆ ಮೀಡಿಯಂ ಕದಡಿ ಹಳದಿಗೆ ತಿರುಗುತ್ತದೆ. ಹಾಗಾಗಿ ರಟ್ಟಿನ ಪೆಟ್ಟಿಗೆಯನ್ನು ಕಲ್ಚರ್ ರೂಮಿನ ಒಳಗೆ ತರಲೇಬೇಡಿ, ಬೂಷ್ಟು ಬರುವುದೇ ಅದರೊಟ್ಟಿಗೆ. ಟ್ರೇ ನೀರನ್ನು ವಾರಕ್ಕೊಮ್ಮೆ ಬದಲಿಸಿ. ಒರೆಸುವುದಕ್ಕೆ ಶೇಕಡಾ 70ರ ಎಥನಾಲ್, ಅಪ್ಪಟ ಎಥನಾಲ್ ಅಲ್ಲ, ಅದು ಕೆಲಸ ಮಾಡಲು ಸ್ವಲ್ಪ ನೀರು ಬೇಕು. ಕೋಶಗಳ ಒಂದು ಪಾಲನ್ನು ಮೇ ತಿಂಗಳಲ್ಲೇ ಫ್ರೀಜ್ ಮಾಡಿ ಇಡಿ. ಕರೆಂಟ್ ಹೋದಾಗ ಮೈನಸ್ 80 ಫ್ರೀಜರಿಗೆ ಜನರೇಟರ್ ಲೈನ್ ಇದೆಯಾ ಅಂತ ಸೇರಿದ ಮೊದಲ ವಾರವೇ ವಿಚಾರಿಸಿ.

ಇನ್ನು ಕಂಟ್ರೋಲ್, ಅಂದರೆ ಫಲಿತಾಂಶ ನಿಜವೋ ಅಂತ ಹೋಲಿಸಿ ನೋಡಲು ಜೊತೆಗೆ ಇಡುವ ಸ್ಯಾಂಪಲ್. ಪಿಎಚ್‌ಡಿಯ ಎರಡನೇ ವರ್ಷ ನನಗೆ ಒಂದು ಪಿಸಿಆರ್ (ಡಿಎನ್‌ಎಯ ಒಂದು ತುಂಡನ್ನು ಅನೇಕ ಪಟ್ಟು ಪ್ರತಿ ಮಾಡುವ ವಿಧಾನ) ಬಹಳ ಚೆಂದ ಬಂತು. ಎಂಟು ರೋಗಿಗಳ ಸ್ಯಾಂಪಲ್, ಎಂಟರಲ್ಲೂ ಬ್ಯಾಂಡ್, ಅಂದರೆ ಹುಡುಕಿದ ಡಿಎನ್‌ಎ ಇದೆ ಅಂತ ಜೆಲ್‌ನಲ್ಲಿ ಕಾಣುವ ಗೆರೆ. ಜೆಲ್ ಫೋಟೋ ಪ್ರಿಂಟ್ ತೆಗೆದು ಓಡಿಕೊಂಡು ಗೈಡ್ ಹತ್ತಿರ ಹೋದೆ. ಅವರು ಫೋಟೋ ನೋಡಿ ಒಂದೇ ಮಾತು ಕೇಳಿದರು. "ನೀರಿನ ಲೇನ್ ಎಲ್ಲಮ್ಮಾ?" ಡಿಎನ್‌ಎ ಹಾಕದೆ ಬರೀ ನೀರು ಹಾಕಿದ ಒಂದು ಟ್ಯೂಬ್ ಪ್ರತಿ ಸಲ ಇಡಬೇಕು, ಅದರಲ್ಲಿ ಏನೂ ಬರಬಾರದು. ಜಾಗ ಸಾಲದು ಅಂತ ನಾನು ಅದನ್ನು ಬಿಟ್ಟಿದ್ದೆ. ಮರುದಿನ ಇಟ್ಟು ನೋಡಿದರೆ ನೀರಿನಲ್ಲೂ ಅದೇ ಬ್ಯಾಂಡ್. ನಾನು ಬಳಸುತ್ತಿದ್ದ ನೀರಿನ ಬಾಟಲಿಗೇ ಡಿಎನ್‌ಎ ಸೇರಿಕೊಂಡಿತ್ತು. ಎರಡು ತಿಂಗಳ ಕೆಲಸ ಹೋಯಿತು. ಅವರು ಬೈಯಲಿಲ್ಲ. ಹೊಸ ಬಾಟಲಿ ಕೊಟ್ಟು, ಹಳೆಯ ಫೋಟೋವನ್ನು ನೋಟ್‌ಬುಕ್ಕಿನಲ್ಲೇ ಅಂಟಿಸಿ ಪಕ್ಕದಲ್ಲಿ ಏನಾಯಿತು ಅಂತ ಬರೆಯಲು ಹೇಳಿದರು. ಆ ಪುಟ ಈಗಲೂ ನನ್ನ ಹತ್ತಿರ ಉಂಟು. ಹೊಸಬರು ಬಂದಾಗ ಮೊದಲು ತೋರಿಸುವುದು ಅದನ್ನೇ.

ನೋಟ್‌ಬುಕ್ ಬಗ್ಗೆ ಹೇಳಿದೆನಲ್ಲಾ, ಪೆನ್ನಿನಲ್ಲೇ ಬರೆಯಿರಿ, ಹಾಳೆ ಹರಿಯಬೇಡಿ, ತಾರೀಕು ಮತ್ತು ಕೆಮಿಕಲ್ಲಿನ ಲಾಟ್ ನಂಬರ್ ಹಾಕಿ. ಸೋತ ಪ್ರಯೋಗವನ್ನು ಗೆದ್ದದ್ದಕ್ಕಿಂತ ವಿವರವಾಗಿ ಬರೆಯಿರಿ.

ಮನುಷ್ಯರ ರಕ್ತ ತೆಗೆಯುವ ಪ್ರಾಜೆಕ್ಟ್ ಆದರೆ ಎಥಿಕ್ಸ್ ಕಮಿಟಿ ಒಪ್ಪಿಗೆ ಮೊದಲು, ಆಮೇಲೆ ರೋಗಿಯ ಒಪ್ಪಿಗೆ. ನಮ್ಮಲ್ಲಿ ಕನ್ನಡದ ಫಾರಂ ಒಂದೇ ಸಾಲದು. ಮಲ್ಪೆ ಕಡೆಯ ಒಬ್ಬರು ಅಜ್ಜಿ ಇಡೀ ಫಾರಂ ಕೇಳಿಸಿಕೊಂಡು, ಆಮೇಲೆ ತುಳುವಿನಲ್ಲಿ ಕೇಳಿದರು, ನನ್ನ ನೆತ್ತರಲ್ಲಿ ಎಂತ ನೋಡ್ತೀಯಾ ಮಗಾ, ಅದರಿಂದ ನನ್ನ ಜ್ವರ ಬಿಡ್ತದಾ ಅಂತ. ಬಿಡುವುದಿಲ್ಲ ಅಜ್ಜಿ, ನಿಮಗೆ ಇದರಿಂದ ಏನೂ ಲಾಭ ಇಲ್ಲ, ಮುಂದೆ ಬರುವವರಿಗೆ ಆಗಬಹುದು ಅಂತ ಹೇಳಬೇಕಾಯಿತು. ಹೇಳುವುದು ಕಷ್ಟ. ಆದರೆ ಹಾಗೆಯೇ ಹೇಳಬೇಕು. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತು, ಆಮೇಲೆ ತೋಳು ಚಾಚಿದರು.

ಪರೀಕ್ಷೆ ಮತ್ತು ದುಡ್ಡು

ಪಿಎಚ್‌ಡಿಗೆ ದೊಡ್ಡ ಬಾಗಿಲು ಸಿಎಸ್ಐಆರ್ ನೆಟ್ ಅನ್ನುವ ರಾಷ್ಟ್ರ ಮಟ್ಟದ ಪರೀಕ್ಷೆ, ವರ್ಷಕ್ಕೆ ಎರಡು ಸಲ. ಲೈಫ್ ಸೈನ್ಸಸ್ ಪತ್ರಿಕೆಯಲ್ಲಿ 145 ಪ್ರಶ್ನೆ, ಬರೆಯಬೇಕಾದ್ದು 75, ಒಟ್ಟು 200 ಅಂಕ, ಮೂರು ಗಂಟೆ. ಅದರಲ್ಲಿ ನೂರು ಅಂಕ ಸಿ ಭಾಗದ್ದು, ಬರೀ 25 ಪ್ರಶ್ನೆಗೆ. ಸಿ ಭಾಗದಲ್ಲಿ ಪ್ರಯೋಗದ ಫಲಿತಾಂಶ ಕೊಟ್ಟು ಅರ್ಥ ಏನು ಅಂತ ಕೇಳುತ್ತಾರೆ, ಹಾಗಾಗಿ ಬಾಯಿಪಾಠ ಸಾಕಾಗುವುದಿಲ್ಲ, ವಾರಕ್ಕೊಂದು ಪೇಪರ್ ಓದಿದ್ದು ಇಲ್ಲಿ ಕೈ ಹಿಡಿಯುತ್ತದೆ. ಸಿಲೆಬಸ್ಸಿನ 13 ಘಟಕ ಪೂರ್ತಿ ಓದಲು ಹೋಗಬೇಡಿ, ಏಳೆಂಟನ್ನು ಗಟ್ಟಿ ಮಾಡಿ. ಇಮ್ಯುನಾಲಜಿ ನಾಲ್ಕನೇ ಘಟಕದಲ್ಲಿದೆ, ಹದಿಮೂರನೆಯದಾದ ವಿಧಾನಗಳ ಘಟಕವನ್ನು ಬಿಡಲೇಬೇಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಇದಲ್ಲದೆ ಗೇಟ್, ಡಿಬಿಟಿಯ (ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ) ಬೆಟ್, ಬೆಂಗಳೂರಿನ ಎನ್‌ಸಿಬಿಎಸ್‌ನಂಥ ಸಂಶೋಧನಾ ಸಂಸ್ಥೆಗಳಿಗೆ ಬೇರೆ ಪರೀಕ್ಷೆ ಉಂಟು, ಎಲ್ಲದಕ್ಕೂ ಓದು ಹೆಚ್ಚುಕಡಿಮೆ ಒಂದೇ.

ಜೆಆರ್‌ಎಫ್ (ನೆಟ್‌ನಲ್ಲಿ ಮೇಲೆ ಬಂದವರಿಗೆ ಪಿಎಚ್‌ಡಿ ಮಾಡಲು ಕೊಡುವ ಫೆಲೋಶಿಪ್) ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000, 2023ರ ಜನವರಿಯಿಂದ ಈ ದರ, ಮನೆ ಬಾಡಿಗೆ ಭತ್ಯೆ ಬೇರೆ. ಇನ್ನೂ ಓದೋದಾ ಅಂತ ಕೇಳುವ ಮಾವನಿಗೆ ಈ ಅಂಕೆ ಹೇಳಿ. ಯಾವುದೇ ಫೆಲೋಶಿಪ್ ಆಗಲಿ, ಹಣ ಕೆಲವೊಮ್ಮೆ ತಿಂಗಳುಗಟ್ಟಲೆ ತಡ ಆಗುವುದುಂಟು, ಮೂರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಇರಿ.

ಗೈಡ್ ಆರಿಸುವುದು

ಸಂಸ್ಥೆಯ ಹೆಸರು ನೋಡಿ ಸೇರಬೇಡಿ. ದೆಹಲಿಯ ರಾಷ್ಟ್ರೀಯ ಇಮ್ಯುನಾಲಜಿ ಸಂಸ್ಥೆ, ಬೆಂಗಳೂರಿನ ಐಐಎಸ್ಸಿ, ಹೈದರಾಬಾದಿನ ಸಿಸಿಎಂಬಿ, ಎಲ್ಲ ಒಳ್ಳೆಯವೇ. ಆದರೆ ನೀವು ಆರು ವರ್ಷ ಕಳೆಯುವುದು ಒಂದು ಲ್ಯಾಬಿನಲ್ಲಿ, ಒಬ್ಬ ಮನುಷ್ಯರೊಟ್ಟಿಗೆ. ಇಂಟರ್ವ್ಯೂಗೆ ಹೋದ ದಿನ ಅಲ್ಲಿನ ವಿದ್ಯಾರ್ಥಿಗಳನ್ನು ಕ್ಯಾಂಟೀನಿಗೆ ಕರೆದು, ಗೈಡ್ ಇಲ್ಲದಾಗ ಕೇಳಿ. ಹಿಂದಿನ ಮೂವರು ಎಷ್ಟು ವರ್ಷದಲ್ಲಿ ಮುಗಿಸಿದರು? ಅರ್ಧಕ್ಕೆ ಬಿಟ್ಟವರು ಎಷ್ಟು, ಯಾಕೆ? ಕೆಟ್ಟ ಫಲಿತಾಂಶ ತಂದಾಗ ಗೈಡ್ ಏನು ಹೇಳುತ್ತಾರೆ? ಊರಿನ ದೈವದ ನೇಮಕ್ಕೆ ಎರಡು ದಿನ ರಜೆ ಕೇಳಿದರೆ ಮುಖ ಹೇಗಾಗುತ್ತದೆ? ಮೂರನೆಯ ಪ್ರಶ್ನೆಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಆ ಲ್ಯಾಬ್ ಬಿಡಿ. ನನ್ನ ಗೆಳತಿ ಒಬ್ಬಳು ದೊಡ್ಡ ಹೆಸರಿನ ಜಾಗಕ್ಕೆ ಸೇರಿದಳು, ಗೈಡ್‌ಗೆ ಬೇಕಾದ ಉತ್ತರ ಬಾರದ ಪ್ರಯೋಗವನ್ನು ಬರುವವರೆಗೆ ಮಾಡಿಸುತ್ತಿದ್ದರು. ನಾಲ್ಕನೇ ವರ್ಷ ಬಿಟ್ಟು ಬಂದಳು. ಅವಳ ಕೈ ನನ್ನ ಕೈಗಿಂತ ಚೆನ್ನಾಗಿತ್ತು. ಅದು ನನಗೆ ಇಂದಿಗೂ ಸಂಕಟ.

ನಡುವಿನ ವರ್ಷಗಳು

ಪಿಎಚ್‌ಡಿಯ ಮೂರನೇ ವರ್ಷ ಯಾವ ಪ್ರಯೋಗವೂ ಕೆಲಸ ಮಾಡುವುದಿಲ್ಲ ಅನಿಸುತ್ತದೆ. ಎಲ್ಲರಿಗೂ ಅನಿಸುತ್ತದೆ. ಆಗ ನಾನು ಜಪಾನಿನ ವಿಜ್ಞಾನಿ ಶಿಮೊನ್ ಸಕಗುಚಿಯವರ ಕೆಲಸ ಓದುತ್ತೇನೆ. ಹುಟ್ಟಿದ ಮೂರನೇ ದಿನ ಇಲಿಮರಿಯ ಥೈಮಸ್ ಗ್ರಂಥಿ (ರೋಗದ ವಿರುದ್ಧ ಹೋರಾಡುವ ಟಿ ಕೋಶ ಬೆಳೆಯುವ ಜಾಗ) ತೆಗೆದರೆ ರಕ್ಷಣೆ ಕಡಿಮೆ ಆಗಬೇಕು ತಾನೆ? ಆದರೆ ಅದರ ದೇಹ ತನ್ನ ಮೇಲೆ ತಾನೇ ದಾಳಿ ಮಾಡುತ್ತದೆ. ಅಂದರೆ ದಾಳಿಯನ್ನು ತಡೆಯುವ ಕೋಶವೂ ಇರಬೇಕು ಅಂತ ಅವರು ಹಿಡಿದರು. 1980ರ ದಶಕದಲ್ಲಿ ಅಂಥ ಕೋಶದ ಮಾತನ್ನೇ ಹೆಚ್ಚಿನವರು ಕೈಬಿಟ್ಟಿದ್ದರು. ಅವರು ಬಿಡಲಿಲ್ಲ, 1995ರಲ್ಲಿ ಕೋಶದ ಮೇಲ್ಮೈಯಲ್ಲಿರುವ ಸಿಡಿ25 ಅನ್ನುವ ಪ್ರೋಟೀನಿನ ಗುರುತಿನಿಂದ ಆ ಕೋಶಗಳನ್ನು ತೋರಿಸಿದರು. ಇನ್ನೊಂದು ಕಡೆ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಕಾಯಿಲೆಯ ಒಂದು ಇಲಿ ತಳಿಯಲ್ಲಿ ಕೆಟ್ಟ ಜೀನ್ ಯಾವುದು ಅಂತ ಹುಡುಕುತ್ತಿದ್ದರು. ಎಕ್ಸ್ ಕ್ರೋಮೋಸೋಮಿನಲ್ಲಿ 20 ಜೀನ್‌ಗಳವರೆಗೆ ಇಳಿಸಿಕೊಂಡು ಒಂದೊಂದಾಗಿ ನೋಡಿದರು, ಸಿಕ್ಕಿದ್ದು ಕೊನೆಯ, ಇಪ್ಪತ್ತನೆಯ ಜೀನ್‌ನಲ್ಲಿ. 2001ರಲ್ಲಿ ಪ್ರಕಟಿಸಿದರು, ಅದೇ ಫಾಕ್ಸ್‌ಪಿ3. ಸಕಗುಚಿಯವರ ಕೋಶಗಳನ್ನು ರೂಪಿಸುವ ಜೀನ್ ಅದೇ ಅಂತ ಆಮೇಲೆ ಗೊತ್ತಾಯಿತು. ಮೂವರಿಗೂ 2025ರಲ್ಲಿ ನೊಬೆಲ್. ಹತ್ತೊಂಬತ್ತು ಜೀನ್ ನೋಡಿ ಏನೂ ಸಿಗದ ದಿನ ಅವರಿಬ್ಬರು ಮನೆಗೆ ಹೇಗೆ ಹೋಗಿರಬಹುದು ಅಂತ ಯೋಚಿಸುತ್ತೇನೆ.

ಜೊತೆಗೆ ಒಂದು ಚಿಕ್ಕ ಉಪಾಯ, ದೊಡ್ಡ ಪ್ರಾಜೆಕ್ಟ್ ಪಕ್ಕದಲ್ಲೇ ಆರು ತಿಂಗಳಲ್ಲಿ ಮುಗಿಯುವ ಒಂದು ಸಣ್ಣ ಕೆಲಸ ಇಟ್ಟುಕೊಳ್ಳಿ. ಒಂದು ನಿಂತಾಗ ಇನ್ನೊಂದು ನಡೆಯುತ್ತಿರುತ್ತದೆ.

ಆಮೇಲೆ

ಪೋಸ್ಟ್‌ಡಾಕ್‌ಗೆ ಹೊರದೇಶ, ಬೆಂಗಳೂರಿನ ಔಷಧ ಕಂಪನಿ, ಡಯಾಗ್ನೋಸ್ಟಿಕ್ಸ್, ಪೇಟೆಂಟ್ ಕೆಲಸ, ಪಾಠ, ಎಲ್ಲಕ್ಕೂ ದಾರಿ ಉಂಟು. ಹೊರಗೆ ಹೋದವರು ವಾಪಸ್ ಬರಲು ಡಿಬಿಟಿಯ ರಾಮಲಿಂಗಸ್ವಾಮಿ ಫೆಲೋಶಿಪ್ ನೋಡಿ, ಇಲ್ಲೇ ಸ್ವಂತ ಕೆಲಸ ಶುರು ಮಾಡುವವರು ಇಂಡಿಯಾ ಅಲಯನ್ಸ್ ಫೆಲೋಶಿಪ್ ನೋಡಿ. ನಾನು ವಾಪಸ್ ಬಂದದ್ದು ಇಲಿಜ್ವರದ ಪ್ರಶ್ನೆಗಾಗಿ. ರೋಗಿ ಇರುವುದು ಇಲ್ಲಿ, ರಕ್ತ ತೆಗೆದ ಎರಡು ಗಂಟೆಯೊಳಗೆ ಫೈಕೋಲ್ ಮೇಲೆ ಇಳಿಸಬಹುದು, ಬೆಂಗಳೂರಿನಲ್ಲಿ ಕೂತರೆ ಅದು ಆಗದು. ಈ ಮಳೆಗಾಲಕ್ಕೆ ನಮ್ಮ ಲ್ಯಾಬಿನಲ್ಲಿ ಎರಡು ಸೀಟು ಇಂಟರ್ನಿಗೆ ಇಟ್ಟಿದ್ದೇವೆ, ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಸ್ಯಾಂಪಲ್ ತರುವ ಕೆಲಸದಿಂದಲೇ ಅವರಿಗೆ ಶುರು.